ಒಂದೂಮುಕ್ಕಾಲು ಅಡಿ

ಮದರಾಸಿನ ಸಮುದ್ರವನ್ನು ಹೆಗಲ ಮೇಲೆ ಹೊತ್ತು, ದಾರಿಯಲ್ಲಿ ಒಂದು ತೊಟ್ಟೂ ಚೆಲ್ಲದ ಹಾಗೆ ತೂಬಿನಕುಂಟೆಗೆ ತಂದವನು ತಾನೇ ಎಂದು ಅಪ್ಪಯ್ಯಣ್ಣ ಚಟ್ಟದ ಬಿದಿರು ಸೀಳುತ್ತ ಹೇಳಿದ.

ಎದುರಿಗೆ ಕೂತು ಹಗ್ಗ ಹೊಸೆಯುತ್ತಿದ್ದ ಗೋಪಾಲಪ್ಪ ಕೈ ನಿಲ್ಲಿಸಿದ. "ಯಾತರಲ್ಲಿ ತಂದ್ಯಪ್ಪ? ಕೊಡದಲ್ಲೋ, ಗಾಡೀಲೋ?"

"ಕೋಲ್ನಲ್ಲಿ ಕಣ್ಲಾ. ಹದಿನಾಲ್ಕಡಿ ತೇಗದ ಅಳತೆಕೋಲು. ಸಮುದ್ರದ ನೀರು ಯಾವ ಎತ್ತರದಲ್ಲೈತೆ ಅಂತ ಅಲ್ಲಿ ಗುರುತು ಹಾಕ್ಕಂಡು, ಆ ಎತ್ತರಾನ ಕಲ್ಲಿಂದ ಕಲ್ಲಿಗೆ, ಊರಿಂದ ಊರಿಗೆ ದಾಟಿಸ್ಕಂಡು ಬಂದೋ. ಇನ್ನೂರು ಮೈಲಿ. ಸಾಹೇಬ್ರು ಮಟ್ಟ ನೋಡೋ ದುರ್ಬೀನಿಗೆ ಕಣ್ಣಿಟ್ಟಿದ್ರು, ನಾನು ಕೋಲು ಹಿಡಿದಿದ್ದೆ. ನಮ್ಮ ಕೆರೆ ಏರಿ ಮೇಲೆ ನಿಂತ್ಕಂಡು ಸಾಹೇಬ್ರು ಏನಂದ್ರು ಗೊತ್ತಾ? 'ಅಪ್ಪಯ್ಯ, ಸಮುದ್ರ ನಮ್ಮ ಕಾಲಿಂದ ಮೂರು ಸಾವಿರ ಅಡಿ ಕೆಳಗೈತೆ' ಅಂದ್ರು."

"ಮೂರು ಸಾವಿರ ಅಡಿ ಕೆಳಗಿರೋ ಸಮುದ್ರ ಕಾಣ್ತು. ಮೂಗಿನ ಕೆಳಗಿರೋ ತೂಬು ಕಾಣ್ಲಿಲ್ವಲ್ಲೋ ನಿನ್ನ ಸಾಹೇಬ್ರಿಗೆ!"

ಚಪ್ಪರದ ಕೆಳಗಿದ್ದ ಹತ್ತು ಹನ್ನೆರಡು ಜನ ಸಾವಿನ ಮನೆಯೆಂಬುದನ್ನು ಮರೆತು ನಕ್ಕರು. ನಕ್ಕಾದ ಮೇಲೆ ಜಗಲಿಯ ಕಡೆ ನೋಡಿ ಬಾಯಿ ಮುಚ್ಚಿಕೊಂಡರು. ಜಗಲಿಯ ಮೇಲೆ ಆ ಸಾಹೇಬರು, ಇಂಜಿನಿಯರ್ ಆದಿನಾರಾಯಣಪ್ಪನವರು, ಹೆಣವಾಗಿ ಮಲಗಿದ್ದರು. ತಲೆಯ ಬಳಿ ದೀಪ, ಎದೆಯ ಮೇಲೆ ಜರಿ ಪೇಟ. ಪ್ರಜಾಪ್ರತಿನಿಧಿ ಸಭೆಗೆ ಆರಿಸಿ ಬಂದ ವರ್ಷ ಮೈಸೂರಿನಲ್ಲಿ ಕೊಂಡ ಪೇಟ ಅದು. ಮೂರೇ ವರ್ಷ ಸುತ್ತಿದರು. ಆಮೇಲೆ ಹದಿನೈದು ವರ್ಷ ಅದು ಟ್ರಂಕಿನಲ್ಲೇ ಇತ್ತು.

ಇಡೀ ದೇವನಹಳ್ಳಿ ತಾಲ್ಲೂಕಿನಲ್ಲಿ ದುರ್ಬೀನಿನ ಹಿಂದೆ ನಿಂತ ಮೊದಲ ಒಕ್ಕಲುಮಗ ಅವರು. ಸೇತುವೆ ಕಟ್ಟಿದ್ದರು, ರಸ್ತೆ ಎಳೆದಿದ್ದರು, ಆವತಿಯ ಬೆಟ್ಟವನ್ನು ಬುಡದಿಂದ ತುದಿಯವರೆಗೆ ಅಳೆದಿದ್ದರು. ಅಪ್ಪಯ್ಯಣ್ಣನ ಬಾಯಲ್ಲಿ ಆ ಬೆಟ್ಟ ಅಳತೆಗೆ ಹೆದರಿ ಎರಡಡಿ ಕುಗ್ಗಿತ್ತು. ಆದರೆ ಊರಿನ ಬಾಯಲ್ಲಿ ಉಳಿದದ್ದು ಒಂದೇ ಹೆಸರು: ಒಣಕಾಲುವೆ ಇಂಜಿನಿಯರ್. ಕೆರೆಯಿಂದ ದಿಬ್ಬದಾಚೆಯ ಹೊಲಗಳಿಗೆ ನೀರು ತರುತ್ತೇನೆಂದು ಅವರು ಒಂದೂವರೆ ಮೈಲಿ ಕಾಲುವೆ ತೋಡಿಸಿದ್ದರು. ಊರವರೇ ಕೂಲಿಯಿಲ್ಲದೆ ಅಗೆದಿದ್ದರು, ಬಂಡೆಯನ್ನೂ ಕಡಿದಿದ್ದರು. ತೂಬು ತೆರೆದ ದಿನ ನೀರು ಕಾಲುವೆಯ ಬಾಯಿಯವರೆಗೆ ಬಂತು. ಅಲ್ಲೇ ನಿಂತಿತು. ಒಳಗೆ ಕಾಲಿಡಲಿಲ್ಲ.

ಕಾಲುವೆಯ ತಳ ತೂಬಿಗಿಂತ ಎತ್ತರವಾಗಿತ್ತು.

"ಅಪ್ಪಯ್ಯಣ್ಣ, ಒಸಿ ಒಳಗೆ ಬಾ."

ಬಾಗಿಲಲ್ಲಿ ಇಂಜಿನಿಯರರ ಹೆಂಡತಿ ವರಲಕ್ಷ್ಮಮ್ಮ ನಿಂತಿದ್ದರು. ಬೆಳಗಿನಿಂದ ಅತ್ತು ಮುಗಿಸಿದ್ದ ಮುಖ. ಗೋಪಾಲಪ್ಪನ ಮಾತು ಅವರ ಕಿವಿಗೆ ಬಿದ್ದಿತ್ತೇ ಎಂದು ಯಾರೂ ಕೇಳಬೇಕಾಗಿರಲಿಲ್ಲ. ಹದಿನೈದು ವರ್ಷದಿಂದ ಆ ಮಾತು ನೀರು ತರುವಾಗ, ಮದುವೆ ಊಟದ ಸಾಲಿನಲ್ಲಿ, ಗಿರಣಿಯ ಮುಂದೆ ಅವರ ಕಿವಿಗೆ ಬೀಳುತ್ತಲೇ ಇತ್ತು.

ಒಳಮನೆಯಲ್ಲಿ ಟ್ರಂಕು ತೆರೆದಿತ್ತು. ಯುದ್ಧ ಮುಗಿದು ವರ್ಷವಾಗಿದ್ದರೂ ಬಟ್ಟೆಗೆ ರೇಷನ್ ಕೂಪನ್ನು ತಪ್ಪಿರಲಿಲ್ಲ. ಹೆಣಕ್ಕೆ ಹೊದಿಸುವ ಬಟ್ಟೆಗೆಂದು ಕೂಪನ್ನು ಹುಡುಕಲು ಟ್ರಂಕು ತೆರೆದಿದ್ದ ವರಲಕ್ಷ್ಮಮ್ಮನ ಕೈಗೆ ಗಂಡನ ಕೆಂಪು ರಟ್ಟಿನ ಪುಸ್ತಕ ಸಿಕ್ಕಿತ್ತು. ಅಪ್ಪಯ್ಯಣ್ಣನಿಗೆ ಆ ಪುಸ್ತಕ ತನ್ನ ಹೆಂಡತಿಯ ಮುಖಕ್ಕಿಂತ ಚೆನ್ನಾಗಿ ಗೊತ್ತಿತ್ತು. ಕಾಲುವೆಯ ಮಟ್ಟ ಬರೆದ ಪುಸ್ತಕ.

"ಇಲ್ನೋಡು," ಎಂದು ಅವರು ಮೊದಲ ಹಾಳೆ ತೆರೆದರು. ಪೆನ್ಸಿಲಿನಲ್ಲಿ ಒಂದು ಕಲ್ಲಿನ ಚಿತ್ರ. ಕಲ್ಲಿನ ಮೇಲೆ ಒಂದು ಅಡ್ಡಗೆರೆ, ಗೆರೆಯ ಕೆಳಗೆ ಮೂರು ಕಡ್ಡಿಯ ಬಾಣ. ಕೆಳಗೆ ಬರೆದಿತ್ತು: 'ಏರಿಯ ತೆಂಕಣ ತುದಿ. ಗೆರೆ ನೆಲದಿಂದ ಒಂದು ಅಡಿ ಮೇಲೆ. ನಾನೇ ಕೊರೆದದ್ದು.' "ಇದು ಅವರೇ ಕೈಯಾರೆ ಕೊರೆದ ಕಲ್ಲು. ಅವರ ತಲೆ ಹತ್ರ ನೆಡಿಸ್ಬೇಕು ಅಂತ ನಂಗೆ ಆಸೆ. ಎಲ್ಲೈತೆ ಇದು?"

ಸಮುದ್ರ ಹೊತ್ತವನು ಚಿತ್ರದಿಂದ ಕಣ್ಣು ಕಿತ್ತು ಟ್ರಂಕಿನ ಕಡೆ ನೋಡಿದ.

"ಅದು ಕೆರೆ ಪಾಲಾಗಿ ಯಾವ ಕಾಲ ಆಯ್ತು ಅಮ್ಮಾವ್ರೆ! ದೊಡ್ಡ ಮಳೆ ಬಂತಲ್ಲ, ಆನೆ ಸೊಂಡ್ಲು ಗಾತ್ರದ ಹನಿ, ಆವಾಗ ಉರುಳ್ಕಂಡು ಹೋಯ್ತು. ನಾನು ಈಜಿ ಹಿಡಿಯಕ್ಕೆ ನೋಡ್ದೆ, ನನ್ನೂ ಎಳ್ಕಂಡು ಹೋಯ್ತಿತ್ತು."

ವರಲಕ್ಷ್ಮಮ್ಮ ಅವನನ್ನು ನೋಡಿದರು. ಹಾಳೆಗಳನ್ನು ತಿರುವಿ ಕೊನೆಯದಕ್ಕೆ ಬಂದರು. ಆ ಹಾಳೆಯಲ್ಲಿ ಬೇರೇನೂ ಇರಲಿಲ್ಲ. ನಡುವೆ ಒಂದು ಸಂಖ್ಯೆ, ಅದರ ಸುತ್ತ ಒಂದು ಚೌಕ: ೧.೭೫.

"ಮತ್ತೆ ಇದು? ಹದಿನೈದು ವರ್ಷದಿಂದ ನೋಡ್ತಿದೀನಿ. ಈ ಲೆಕ್ಕ ಎಲ್ಲಿಂದ ಬಂತು ಅಂತ ಕೇಳಿದ್ರೆ ಅವರು ಹೇಳ್ತಿರ್ಲಿಲ್ಲ. ನಕ್ಕು ಸುಮ್ಮನಾಗೋರು."

"ಅದಾ? ಅದು ದಿವಾನರ ಬಂಗಲೆ ಮೆಟ್ಲು ಎತ್ತರ. ಮೆಟ್ಲು ಹತ್ತಕ್ಕಾಗ್ದೆ ದಿವಾನ್ರೇ ಸಾಹೇಬ್ರನ್ನ ಕರ್ಸಿ ಅಳ್ಸಿದ್ರು."

ಅವರು ಪುಸ್ತಕವನ್ನು ಮುಚ್ಚಿ ಸೆರಗಿನಲ್ಲಿ ಸುತ್ತಿಕೊಂಡರು. "ನಾನೂ ಏರಿವರೆಗೂ ಬರ್ತೀನಿ. ಆ ಕಲ್ಲಿದ್ದ ಜಾಗಾನಾದ್ರೂ ನೋಡ್ತೀನಿ. ಅವರ ಅಳತೆಕೋಲು ಅಟ್ಟದ ಮೇಲೈತೆ, ತಂದು ಚಟ್ಟಕ್ಕೆ ಕಟ್ಟು. ಅವರ ಜೊತೆ ಬರ್ಲಿ."

*

ಆ ಕಲ್ಲು ಕೆರೆಗೆ ಬಿದ್ದಿರಲಿಲ್ಲ.

ಉಳಿ ಸುತ್ತಿಗೆ ಹಿಡಿದು ಆದಿನಾರಾಯಣಪ್ಪ ಅದರ ಮೇಲೆ ಗೆರೆ ಕೊರೆದ ದಿನ ಅಪ್ಪಯ್ಯಣ್ಣ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತಿದ್ದ. "ಈ ಗೆರೆ ಇರೋವರೆಗೂ ನಮಗೆ ಈ ಊರಿನ ಎತ್ತರ ತಪ್ಪೋದಿಲ್ಲ. ತೂಬಿನ ಹೊಸ್ತಿಲು ಇದಕ್ಕಿಂತ ಎಷ್ಟು ಕೆಳಗಿದೆ ಅಂತ ಬರ್ಕೊಂಡಿದೀನಿ. ಮುಂದೆ ಕಾಲುವೆ ಕೆಲಸ ಶುರುವಾದಾಗ ಇದರಿಂದಲೇ ಅಳೀಬೇಕು. ಯಾರೂ ಇದನ್ನ ಅಲುಗಾಡಿಸ್ದಂಗೆ ನೋಡ್ಕೋಬೇಕಾದೋನು ನೀನು," ಎಂದಿದ್ದರು.

ಅಪ್ಪಯ್ಯಣ್ಣ ನೋಡಿಕೊಂಡ. ಬಟ್ಟೆ ಒಗೆಯಲು ಬಂದ ಹೆಂಗಸರು ಆ ಕಲ್ಲಿನ ಮೇಲೆ ಸೀರೆ ಬಡಿಯಲು ನೋಡಿದಾಗ, ಮುಟ್ಟಿದರೆ ಕಣ್ಣು ಹೋಗುತ್ತದೆಂದ. ಯಾಕೆಂದು ಕೇಳಿದರು. ಯಾಕೆಂದರೆ ಅದು ಬರೀ ಕಲ್ಲಲ್ಲ, ಮೇಲಿರುವುದು ನಾಮ, ಯಾರೂ ಕೊರೆದದ್ದಲ್ಲ, ತಾನಾಗಿ ಮೂಡಿದ್ದು ಎಂದ. ಅವನ ಸುಳ್ಳುಗಳಲ್ಲೆಲ್ಲ ಅದು ಅತಿ ಚಿಕ್ಕದು. ಕಾವಲಿಗೆಂದು ಕಟ್ಟಿದ ಬೇಲಿ. ವಾರದೊಳಗೆ ಅದರ ಮೇಲೆ ಅರಿಶಿನ ಬಿತ್ತು. ತಿಂಗಳೊಳಗೆ ಕುಂಕುಮ, ಎಣ್ಣೆ, ಎರಡು ಬೆಳ್ಳಿ ಕಣ್ಣು. ಮಕ್ಕಳಿಲ್ಲದ ಮಾರಕ್ಕ ಹರಕೆ ಹೊತ್ತಳು. ಪೂಜೆಗೆ ಯಾರೆಂದು ಕೇಳಿದಾಗ ಎಲ್ಲರ ಕಣ್ಣೂ ಅಪ್ಪಯ್ಯಣ್ಣನ ಮೇಲೆ ಬಿದ್ದವು, ಸ್ವಾಮಿಯನ್ನು ಮೊದಲು ಕಂಡವನು ಅವನೇ ತಾನೆ.

ನೆಟ್ಟ ಬೇಲಿ ಬೆಳೆದು ಸುತ್ತಿಕೊಂಡಿತ್ತು. ಒಳಗೆ ಅವನೇ ಇದ್ದ.

*

ಹೊತ್ತು ನೆತ್ತಿಗೇರುವ ಮುಂಚೆ ಹೆಣಕ್ಕೆ ನೀರು ಹಾಕಿ, ಪೇಟ ಸುತ್ತಿ, ಚಟ್ಟಕ್ಕೆ ಕಟ್ಟಿದರು. ಪಕ್ಕದಲ್ಲಿ ಅಳತೆಕೋಲು. ಇಂಜಿನಿಯರರ ತಮ್ಮನ ಮಗ ಸಂಜೀವಪ್ಪ ಬೆಂಕಿಯ ಮಡಕೆ ಹಿಡಿದು ಮುಂದೆ ನಿಂತ. ಆಗ ಪಟೇಲ ವೆಂಕಟರಮಣಪ್ಪ ಕೇಳಿದರು, "ಯಾವ ಕಡೆಯಿಂದ ಹೋಗೋದು?"

ಗುಂಡಿ ತೋಡಿದ್ದುದು ದಿಬ್ಬದಾಚೆ, ಇಂಜಿನಿಯರರ ಸ್ವಂತ ಹೊಲದಲ್ಲಿ. ಅಲ್ಲಿಗೆ ದಾರಿಯಿದ್ದುದು ಏರಿಯ ಮೇಲೆ, ಆ ಕಲ್ಲೇ ಆಗಿದ್ದ ಎದ್ದಪ್ಪಸ್ವಾಮಿಯ ಕಟ್ಟೆಯ ಮುಂದೆಯೇ ಹಾಯ್ದು. ಊರಿನ ಬೇರೆ ಹೆಣಗಳೆಲ್ಲ ಬಡಗಣ ತೋಪಿಗೆ ಹೋಗುತ್ತಿದ್ದುದರಿಂದ ಈ ಪ್ರಶ್ನೆ ಹಿಂದೆ ಎದ್ದಿರಲಿಲ್ಲ.

"ದೇವ್ರ ಮುಂದೆ ಹೆಣ ಹಾಯ್ಬಾರ್ದು," ಎಂದ ಅಪ್ಪಯ್ಯಣ್ಣ ತಟ್ಟನೆ. ಇಷ್ಟು ಬೇಗ ಅವನು ಹುಟ್ಟಿದಾಗ ಅತ್ತಿದ್ದೂ ಇಲ್ಲ. "ಸ್ವಾಮಿ ಸಾಮಾನ್ಯದೋನಲ್ಲ ಪಟೇಲ್ರೆ. ಒಂದು ಸತಿ ಸತ್ತ ಹಂದಿ ಹೊತ್ಕಂಡು ಹೋದೋನ ಎರಡೂ ಕಾಲು ಹಿಂದುಮುಂದಾಗಿದ್ದು ನಾನೇ ನೋಡಿವ್ನಿ."

"ಹಂಗಾದ್ರೆ?"

"ಕಾಲುವೆ ಐತಲ್ಲ. ಅದ್ರೊಳಗೆ ಇಳ್ಕಂಡು ಹೋದ್ರೆ ನೆಟ್ಟಗೆ ಹೊಲಕ್ಕೇ ಹೋಗ್ತೀವಿ."

"ಒಳ್ಳೇದೇ," ಎಂದ ಗೋಪಾಲಪ್ಪ ಚಟ್ಟದ ಕೊನೆ ಹಿಡಿದು. "ಹದಿನೈದು ವರ್ಷಕ್ಕೆ ಅದ್ರಲ್ಲಿ ಏನೋ ಒಂದು ಹರೀತು ಅಂತಾಗ್ಲಿ."

ಈ ಸಲ ಯಾರೂ ನಗಲಿಲ್ಲ. ವರಲಕ್ಷ್ಮಮ್ಮ ಬಂದು ಚಟ್ಟಕ್ಕೆ ಅಡ್ಡ ನಿಂತಿದ್ದರು.

"ಅದ್ರಲ್ಲಿ ಬೇಡ."

"ಅಮ್ಮಯ್ಯ, ದೇವ್ರ ವಿಚಾರ—"

"ಪಟೇಲ್ರೆ, ಅವರು ಬದುಕಿದ್ದಾಗ ಆ ಹಳ್ಳಾನ ದಿನಾ ಅವರ ಮುಖಕ್ಕೆ ಎಸೆದ್ರಿ. ನಾನು ಒಂದು ಮಾತು ಆಡ್ಲಿಲ್ಲ. ಈಗ ಅವರನ್ನೇ ತಗೊಂಡೋಗಿ ಅದ್ರೊಳಗೆ ಎಸೀಬೇಡಿ." ಧ್ವನಿ ಏರಿರಲಿಲ್ಲ. "ಹಂಗೆ ಹೋಗೋದಾದ್ರೆ ಇಲ್ಲೇ ಅಂಗಳದಲ್ಲೇ ಗುಂಡಿ ತೋಡಿ."

ತಮಟೆಯವರು ತಮಟೆ ಕೆಳಗಿಟ್ಟರು. ಪಟೇಲರು ಒಮ್ಮೆ ಮುತ್ತೈದೆತನ ಹೋದ ಆ ಮುಖ ನೋಡಿದರು, ಒಮ್ಮೆ ಪೂಜಾರಿಯ ಮುಖ. "ಸ್ವಾಮೀನೇ ಕೇಳಾನ. ಹೂ ಕೊಡ್ಲಿ. ಬಲಗಡೆ ಕೊಟ್ರೆ ಏರಿ ಮೇಲೆ, ಎಡಗಡೆ ಕೊಟ್ರೆ ಕಾಲುವೆ. ಅದಕ್ಕೆ ಒಪ್ತೀಯೇನಮ್ಮ?"

ವರಲಕ್ಷ್ಮಮ್ಮ ತಲೆಯಾಡಿಸಿದರು. ಅಪ್ಪಯ್ಯಣ್ಣನ ಎದೆ ಒಂದಿಷ್ಟು ಹಗುರಾಯಿತು. ಹೂ ಕೇಳುವುದರಲ್ಲಿ ಅವನನ್ನು ಮೀರಿಸುವವರು ಮೂರು ಲೋಕದಲ್ಲಿರಲಿಲ್ಲ. ನೀರು ಕಡಿಮೆ ಹಚ್ಚಿದ ಕಡೆಯ ಹೂವೇ ಮೊದಲು ಉದುರುತ್ತದೆಂಬುದು ಅವನಿಗೂ ಸ್ವಾಮಿಗೂ ಮಾತ್ರ ಗೊತ್ತಿತ್ತು. ಬಲಗಡೆ ಬೀಳಿಸಿದರಾಯಿತು. ಹೆಣ ಏರಿಯ ಮೇಲೆ ಹೋಗುತ್ತದೆ, ಅಮ್ಮಾವ್ರ ಮನಸ್ಸೂ ತಣ್ಣಗಾಗುತ್ತದೆ, ಕಲ್ಲು ತನ್ನ ಅರಿಶಿನದೊಳಗೆ ತಾನಿರುತ್ತದೆ. ಯಾರೂ ಯಾರಿಗೂ ಏನನ್ನೂ ಹೇಳಬೇಕಾಗುವುದಿಲ್ಲ.

*

ಸ್ವಾಮಿ ಎದ್ದದ್ದು ಒಂದು ದಸರೆಯಲ್ಲಿ.

ಆದಿನಾರಾಯಣಪ್ಪ ಮೈಸೂರಿಗೆ ಹೋಗಿದ್ದರು. ಪ್ರಜಾಪ್ರತಿನಿಧಿ ಸಭೆಯಲ್ಲಿ ತೂಬಿನಕುಂಟೆ ಕಾಲುವೆಗಾಗಿ ಎದ್ದು ನಿಂತು ಮಾತಾಡಿ ಮಂಜೂರು ಮಾಡಿಸಿಕೊಂಡು ಬರಲು. ಅತ್ತ ಅವರು ಎದ್ದು ನಿಂತಿದ್ದಾಗ ಇತ್ತ ಮಾರಕ್ಕನ ಗಂಡ ಹಾರೆ ಹಿಡಿದು ನಿಂತಿದ್ದ. ಮಾರಕ್ಕನಿಗೆ ಮೂರು ತಿಂಗಳಾಗಿತ್ತು, ಹರಕೆ ತೀರಿಸಬೇಕು. ಕೆಸರಿನಲ್ಲಿ ಕೂತ ಸ್ವಾಮಿಗೆ ಕಟ್ಟೆ ಕಟ್ಟಿ ಮೇಲೆ ಕೂರಿಸುತ್ತೇನೆಂದು ಹಟ ಹಿಡಿದ. ಬೇಡವೆನ್ನಲು ಅಪ್ಪಯ್ಯಣ್ಣನ ಬಳಿ ಒಂದೇ ಕಾರಣವಿತ್ತು. ಅದು ನಿಜವಾಗಿತ್ತು. ನಿಜ ಹೇಳಿದರೆ ಅರಿಶಿನವೆಲ್ಲ ತನ್ನ ಮುಖಕ್ಕೆ ಬೀಳುತ್ತಿತ್ತು.

ಮುಂಜಾನೆ ಇಬ್ಬರೂ ಎರಡು ಹಾರೆ ಕೊಟ್ಟು ಎತ್ತಿದರು. ಬೆಳಗಾಗಿ ಜನ ಬಂದಾಗ ಸ್ವಾಮಿ ತಾನೇ ಎದ್ದು ಕಟ್ಟೆಯೇರಿದನೆಂದು ಅಪ್ಪಯ್ಯಣ್ಣನೇ ಕೂಗಿ ಹೇಳಿದ. ಅಂದಿನಿಂದ ಎದ್ದಪ್ಪಸ್ವಾಮಿ. ಮಾರಕ್ಕನ ಗಂಡ ಮರುವರ್ಷ ಜ್ವರದಲ್ಲಿ ಹೋದ. ಕಲ್ಲೆತ್ತಿದ ಕೈಗಳಲ್ಲಿ ಉಳಿದದ್ದು ಎರಡೇ.

ಸಾಹೇಬರು ಬಂದ ಮೇಲೆ ಹೇಳಬೇಕೆಂದಿದ್ದ. ಅವರು ಬಂದದ್ದು ಗೆದ್ದ ಮುಖದಲ್ಲಿ, ತಾಲ್ಲೂಕಿನ ಅಮಲ್ದಾರರನ್ನೂ ಕರೆದುಕೊಂಡು. ಏರಿಯ ಬಡಗಣ ತುದಿಯಲ್ಲೇ ದುರ್ಬೀನು ಹೂಡಿ, "ಅಪ್ಪಯ್ಯ, ನಮ್ಮ ಕಲ್ಲಿನ ಗೆರೆ ಮೇಲೆ ಕೋಲು ಹಿಡಿ," ಎಂದು ಕಳಿಸಿದರು. ಆ ವರ್ಷ ಕೆರೆ ಕೋಡಿ ಬಿದ್ದಿತ್ತು. ತೂಬಿನ ಹೊಸ್ತಿಲು ನೀರಿನಡಿಯಲ್ಲಿತ್ತು, ಅದಕ್ಕೆ ಕೋಲಿಟ್ಟು ತಾಳೆ ನೋಡುವಂತಿರಲಿಲ್ಲ. ಕಟ್ಟೆ ಕಾಣದಂತೆ ನಡುವೆ ಕಳ್ಳಿಯ ಪೊದೆ. ದುರ್ಬೀನಿನೊಳಗೆ ಕಾಣುವುದು ಕೋಲಿನ ಒಂದು ಗೇಣು, ಅದೂ ತಲೆಕೆಳಗಾಗಿ.

ಅಪ್ಪಯ್ಯಣ್ಣ ಕೋಲು ಹಿಡಿದ. ಕೋಲು ಹಿಡಿಯುವವನಿಗೆ ಎರಡು ನಿಯಮ: ಕೋಲು ವಾಲಬಾರದು, ದುರ್ಬೀನಿನವನು ಬಲಗೈ ಎತ್ತಿ ಇಳಿಸುವವರೆಗೂ ಬಿಡಬಾರದು. ಒಮ್ಮೆ ಸಾಹೇಬರು ಯಾರೊಡನೆಯೋ ಮಾತಿಗೆ ನಿಂತು ಕೈಯಿಳಿಸಲು ಮರೆತಾಗ ಆಲಿಕಲ್ಲಿನ ಮಳೆಯಲ್ಲಿ ಅವನು ಅರ್ಧ ಗಂಟೆ ಅಲುಗದೆ ನಿಂತಿದ್ದ. ಅವನು ಬಡಾಯಿ ಕೊಚ್ಚಬಹುದಾಗಿದ್ದ ಸಂಗತಿಗಳಲ್ಲಿ ಅದೊಂದು ನಿಜ. ನಿಜವಾದ್ದರಿಂದ ಅದನ್ನು ಅವನು ಯಾರಿಗೂ ಹೇಳುತ್ತಿರಲಿಲ್ಲ.

ದೂರದಲ್ಲಿ ಸಾಹೇಬರ ಬಲಗೈ ಏರಿತು, ಇಳಿಯಿತು. ಸಂಜೆ ಹೇಳೋಣ ಎಂದುಕೊಂಡ. ಸಂಜೆ ಅಮಲ್ದಾರರಿಗೆ ಊಟವಿತ್ತು. ನಾಳೆ ಎಂದುಕೊಂಡ. ನಾಳೆ ಗುದ್ದಲಿಪೂಜೆ. ಒಂದೂವರೆ ಮೈಲಿ ಕಾಲುವೆಯಲ್ಲಿ ಒಂದು ಕಲ್ಲಿನ ಎತ್ತರ ಯಾವ ಲೆಕ್ಕ ಎಂದುಕೊಂಡ.

*

ಚಟ್ಟವನ್ನು ಕಟ್ಟೆಯಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿ ಇಳಿಸಿದರು. ಪುರಿ ಎರಚುವುದು ನಿಂತಿತು. ಒಂದು ಕಡೆ ಕೆರೆ, ಇನ್ನೊಂದು ಕಡೆ ಇಳಿಜಾರಿನಲ್ಲಿ ಕಾಲುವೆಯ ಬಾಯಿ. ಒಳಗೆ ಉಗನಿ ಬಳ್ಳಿಯೂ ಎಕ್ಕದ ಗಿಡವೂ ತುಂಬಿಕೊಂಡಿದ್ದವು.

ಮಾರಕ್ಕ ಎಲ್ಲರಿಗಿಂತ ಮುಂಚೆ ಬಂದು ಕಟ್ಟೆ ಗುಡಿಸಿ ನಿಂತಿದ್ದಳು. ಹರಕೆಯಿಂದ ಹುಟ್ಟಿದ ಮಗಳು ಈಗ ವಿಜಯಪುರದಲ್ಲಿ ಬಾಣಂತಿ. ಆದರೂ ಮಾರಕ್ಕ ಒಂದು ಸೋಮವಾರವೂ ಕಟ್ಟೆಗೆ ಬರುವುದನ್ನು ತಪ್ಪಿಸಿರಲಿಲ್ಲ.

ಅಪ್ಪಯ್ಯಣ್ಣ ಎರಡು ಕಣಗಿಲೆ ಹೂವನ್ನು ನೀರಿಗೆ ಅದ್ದಿ, ಒಂದನ್ನು ಕೊಡವಿ, ಕಲ್ಲಿನ ಎರಡೂ ಭುಜಕ್ಕೆ ಅಂಟಿಸಲು ಹೋದ. ಅಂಟಲಿಲ್ಲ. ಹದಿನೈದು ವರ್ಷದ ಎಣ್ಣೆ ಅರಿಶಿನ ಕುಂಕುಮ ಗಾರೆಯ ಹಾಗೆ ಗಟ್ಟಿಯಾಗಿ, ಬಿಸಿಲಿಗೆ ಮೇಲ್ಪದರ ಜಿಡ್ಡು ಬಿಟ್ಟಿತ್ತು. ಎರಡೂ ಹೂ ಒಟ್ಟಿಗೇ ಜಾರಿ ಬಿದ್ದವು.

"ಎರಡೂ ಕಡೆ ಕೊಟ್ಬಿಟ್ನಲ್ಲಪ್ಪ," ಎಂದ ಗೋಪಾಲಪ್ಪ. "ಅರ್ಧ ಸಾಹೇಬ್ರು ಏರಿ ಮೇಲೆ, ಅರ್ಧ ಕಾಲುವೇಲಿ."

"ಹೆಣದ ಗಾಳಿ ಬೀಸೈತೆ, ಅದಕ್ಕೇ ಸ್ವಾಮಿ ಒಲೀತಿಲ್ಲ," ಎಂದರು ಪಟೇಲರು. "ತೊಳೆದು ಕೇಳು."

"ತೊಳೆಯೋದಾ?" ಅಪ್ಪಯ್ಯಣ್ಣನ ಕೈ ಕಲ್ಲಿಗೆ ಅಡ್ಡ ಹೋಯಿತು. "ತೊಳೆಯೋ ದೇವ್ರಲ್ಲ ಇದು. ತೊಳೆದ್ರೆ... ಕಣ್ಣು..."

"ಯಾಕೆ ಪೂಜಾರಣ್ಣ, ತಲೆ ಮೇಲೆ ನೀರು ಹಾಕಿಸ್ಕಳ್ದಿರೋ ದೇವ್ರು ಎಲ್ಲಾದ್ರೂ ಉಂಟಾ?" ಎಂದಳು ಮಾರಕ್ಕ. "ನಾನು ಎಷ್ಟು ಸತಿ ಕೇಳಿವ್ನಿ, ನೀನು ಬಿಡಲ್ಲ. ಸರ್ಕ, ನಂಗೆ ಮಗಳು ಕೊಟ್ಟೋನು, ನನ್ನ ಕಣ್ಣು ತೆಗೆಯಲ್ಲ." ಅವನನ್ನು ಭುಜದಿಂದ ಪಕ್ಕಕ್ಕೆ ತಳ್ಳಿ ಕೊಡದ ನೀರು ಸುರಿದಳು. ಸೀಗೆಪುಡಿ ಹಾಕಿ ಎರಡೂ ಕೈಯಲ್ಲಿ ತಿಕ್ಕಿದಳು. ಹಳದಿಯೂ ಕೆಂಪೂ ಬೆರೆತು ಕಟ್ಟೆಯಿಂದ ಇಳಿಯಿತು. ಪದರ ಪದರವಾಗಿ ವರ್ಷಗಳು ಕಿತ್ತು ಬಂದವು. ಬೆಳ್ಳಿ ಕಣ್ಣೊಂದು ಕಳಚಿ ನೀರಿನೊಂದಿಗೆ ಹರಿಯಿತು.

"ನಾಮ! ನಾಮ ಕಾಣ್ತೈತೆ!" ಎಂದು ಮಾರಕ್ಕ ಕೈ ಮುಗಿದಳು. ಹಿಂದೆ ನಿಂತವರೂ ಕೈ ಮುಗಿದರು.

ವರಲಕ್ಷ್ಮಮ್ಮ ಕೈ ಮುಗಿಯಲಿಲ್ಲ. ಅವರು ಹತ್ತಿರ ಬಂದು ಬಗ್ಗಿ ನೋಡಿದರು. ಅಡ್ಡಗೆರೆ. ಕೆಳಗೆ ಮೂರು ಕಡ್ಡಿಯ ಬಾಣ. ಸೆರಗಿನಿಂದ ಕೆಂಪು ರಟ್ಟಿನ ಪುಸ್ತಕ ತೆಗೆದು ಮೊದಲ ಹಾಳೆ ತೆರೆದು ಕಲ್ಲಿನ ಪಕ್ಕಕ್ಕೆ ಹಿಡಿದರು.

"ಅಪ್ಪಯ್ಯಣ್ಣ," ಎಂದರು ತಿರುಗದೆ, "ಕೋಲು ಬಿಚ್ಕೊಂಡು ಬಾ."

*

ನೀರು ಬಾರದ ದಿನದಿಂದ ಎಂಟು ದಿನ ಆದಿನಾರಾಯಣಪ್ಪ ಮನೆಯಿಂದ ಹೊರಗೆ ಬರಲಿಲ್ಲ. ಒಂಬತ್ತನೆಯ ದಿನ ದುರ್ಬೀನು ಹೊರಿಸಿಕೊಂಡು ಏರಿಗೆ ಬಂದರು. ಆ ಹೊತ್ತಿಗೆ ಕೆರೆ ಇಳಿದು ತೂಬಿನ ಹೊಸ್ತಿಲು ಕಾಣುತ್ತಿತ್ತು. ಅದಕ್ಕೊಮ್ಮೆ ಕೋಲು ಹಿಡಿಸಿದರು, ಕಲ್ಲಿಗೊಮ್ಮೆ ಹಿಡಿಸಿದರು, ಬರೆದರು, ಕಳೆದರು. ಆಮೇಲೆ, ಅಷ್ಟು ವರ್ಷದಲ್ಲಿ ಮೊದಲ ಬಾರಿಗೆ, ದುರ್ಬೀನು ಬಿಟ್ಟು ತಾವೇ ಕಲ್ಲಿನ ಬಳಿಗೆ ನಡೆದು ಬಂದರು.

ಕಟ್ಟೆ ನೋಡಿದರು. ಬೆಳ್ಳಿ ಕಣ್ಣು ನೋಡಿದರು. ಕಟ್ಟೆಯ ಮೇಲೆ ಹಸುಗೂಸನ್ನು ಮಲಗಿಸಿ ಅಡ್ಡಬಿದ್ದಿದ್ದ ಮಾರಕ್ಕನನ್ನು ನೋಡಿದರು. ಕೊನೆಗೆ ಅಪ್ಪಯ್ಯಣ್ಣನನ್ನು.

ಅವನು ಬೈಗುಳಕ್ಕಾಗಿ ಕಾದ. ಹೊಡೆತಕ್ಕಾಗಿ ಕಾದ. ಸಾಹೇಬರು ಪುಸ್ತಕದ ಕೊನೆಯ ಹಾಳೆಯಲ್ಲಿ ಏನೋ ಬರೆದು, ಅದರ ಸುತ್ತ ನಿಧಾನವಾಗಿ ನಾಲ್ಕು ಗೆರೆ ಎಳೆದು, ಮುಚ್ಚಿದರು.

"ಇನ್ನು ಮೇಲೆ ಚೆನ್ನಾಗಿ ನೋಡ್ಕೊ," ಎಂದರು. ಅಷ್ಟೇ.

ಆ ವಾರ ಊರನ್ನು ಸೇರಿಸಿ, ಇನ್ನು 'ಒಂದೂಮುಕ್ಕಾಲು ಅಡಿ' ಅಗೆದರೆ ನೀರು ಬರುತ್ತದೆಂದರು. ಯಾಕೆ ತಪ್ಪಿತೆಂದು ಕೇಳಿದರು. "ತಪ್ಪು ನನ್ನದೇ. ಇನ್ನೊಂದು ಗುರುತಿಗೆ ತಾಳೆ ನೋಡಬೇಕಾಗಿತ್ತು. ನೋಡಲಿಲ್ಲ," ಎಂದರು. ಇವತ್ತು ಒಂದೂಮುಕ್ಕಾಲು ಅನ್ನುವವನು ನಾಳೆ ಪಾತಾಳಕ್ಕೇ ಅಗೆಸುತ್ತಾನೆಂದು ಜನ ಎದ್ದು ಹೋದರು. ಬಂಡೆ ಕಡಿದು ಅಂಗೈ ಸುಲಿದಿದ್ದವರು ಮತ್ತೆ ಗುದ್ದಲಿ ಮುಟ್ಟಲಿಲ್ಲ. ಮುಂದಿನ ಚುನಾವಣೆಯಲ್ಲಿ ಸ್ವಂತ ಊರಿನಲ್ಲಿ ಅವರಿಗೆ ಮತ ಹಾಕಿದವರು ಏಳು ಜನ.

ಅಪ್ಪಯ್ಯಣ್ಣ ಎಂಟನೆಯವನು ಎಂದು ಹೇಳಿಕೊಳ್ಳುತ್ತಿದ್ದ. ಕಂದಾಯ ಕಟ್ಟುವಷ್ಟು ಜಮೀನಿಲ್ಲದ ಅವನಿಗೆ ಮತವೇ ಇರಲಿಲ್ಲ.

*

ಅವನು ಕೋಲು ಬಿಚ್ಚಿ ತಂದ. ಕಪ್ಪು ಕೆಂಪು ಬಣ್ಣದ ಅಂಕಿಗಳು ಮಾಸಿದ್ದವು, ಅಳಿಸಿರಲಿಲ್ಲ. ವರಲಕ್ಷ್ಮಮ್ಮ ಕಟ್ಟೆಯ ಬುಡದ ನೆಲ ತೋರಿಸಿದರು. ಅವನು ಅಲ್ಲಿ ಕೋಲು ಊರಿದ. ಊರಿದೊಡನೆ ಅವನ ಬೆನ್ನು, ಯಾರೂ ಹೇಳದೆಯೇ, ನೆಟ್ಟಗಾಯಿತು. ಎರಡೂ ಅಂಗೈ ಕೋಲಿನ ಎರಡು ಮಗ್ಗುಲಿಗೆ ಹೋದವು.

ಅವರು ಬೆರಳನ್ನು ಕಲ್ಲಿನ ಗೆರೆಯಿಂದ ಅಡ್ಡಲಾಗಿ ಕೋಲಿಗೆ ತಂದರು. "ಎರಡೂಮುಕ್ಕಾಲು," ಎಂದು ಓದಿದರು. "ಪುಸ್ತಕದಲ್ಲಿ ನೆಲದಿಂದ ಒಂದಡಿ ಅಂತ ಬರ್ದವ್ರೆ."

ಬೆರಳು ಕೊನೆಯ ಹಾಳೆಯ ಚೌಕದ ಮೇಲೆ ಹೋಗಿ ನಿಂತಿತು. ಕಳೆಯುವ ಲೆಕ್ಕ ಯಾರಿಗೂ ಕಷ್ಟದ್ದಾಗಿರಲಿಲ್ಲ. ಪಟೇಲರ ತುಟಿಗಳು ಸುಮ್ಮನೆ ಅಲುಗಿದವು.

"ಈ ಕಲ್ಲು ಯಾವತ್ತು ಮೇಲೆ ಬಂತು, ಅಪ್ಪಯ್ಯಣ್ಣ?"

"ದಸರೆಲಿ," ಎಂದಳು ಮಾರಕ್ಕ ಅವನ ಬದಲು. "ನಂಗಾವಾಗ ಮೂರು ತಿಂಗಳು. ಇಂಜಿನಿಯರಪ್ಪೋರು ಮೈಸೂರಿಗೋಗಿದ್ರು."

"ಮಟ್ಟ ನೋಡಿದ್ದು ಅವರು ಮೈಸೂರಿಂದ ಬಂದ್ಮೇಲೆ." ವರಲಕ್ಷ್ಮಮ್ಮ ಈಗ ಅವನ ಕಡೆ ತಿರುಗಿದರು. "ತಾರೀಖು ಇಲ್ಲೈತೆ. ಕೆರೆಯೊಳಗೆ ಬಿತ್ತು ಅಂದ್ಯಲ್ಲ ಬೆಳಿಗ್ಗೆ?"

ಅಪ್ಪಯ್ಯಣ್ಣ ಬಾಯಿ ತೆರೆದ. ಹೇಳಲು ನೂರಿದ್ದವು. ಕಲ್ಲು ಕೆರೆಯಿಂದ ಈಜಿ ಬಂತೆನ್ನಬಹುದಿತ್ತು. ದಿವಾನರು ಕಳಿಸಿದರೆನ್ನಬಹುದಿತ್ತು. ಸ್ವಾಮಿ ಬೆಳೆಯುತ್ತಾನೆ, ವರ್ಷಕ್ಕೊಂದು ಅಂಗುಲ ಎನ್ನಬಹುದಿತ್ತು. ಅದನ್ನು ನಂಬಲು ಅಲ್ಲಿ ಮೂವತ್ತು ಜನ ತಯಾರಿದ್ದರು.

"ನಾನೆತ್ತಿದ್ದು," ಎಂದ.

ಹಿಂದಿದ್ದವರು ಕೇಳಿಸಿಕೊಳ್ಳಲು ಮುಂದೆ ನುಗ್ಗಿದರು.

"ಮಾರಕ್ಕನ ಗಂಡ, ನಾನು. ಎರಡು ಹಾರೆ. ಸ್ವಾಮಿ ಎದ್ದಿದ್ದಲ್ಲ. ನಾಮಾನೂ ಅಲ್ಲ ಅದು, ಸಾಹೇಬ್ರು ಕೊರೆದ ಗುರುತು. ಕಾಲುವೆ ಎಲ್ಲಾ ಇದರಿಂದ್ಲೇ ಅಳೆದಿದ್ದು. ಇದು ಎಷ್ಟು ಮೇಲೆ ಬಂತೋ ಕಾಲುವೆ ತಳಾನೂ ಅಷ್ಟೇ ಮೇಲೆ ಬಂತು. ಸಾಹೇಬ್ರದು ಒಂದು ನೂಲೂ ತಪ್ಪಿರ್ಲಿಲ್ಲ. ಅವರಿಗೆ ಆಮೇಲೆ ಗೊತ್ತಾಯ್ತು. ನನ್ನ ಹೆಸರು ಹೇಳ್ಲಿಲ್ಲ. ನಾನೂ ಹೇಳ್ಲಿಲ್ಲ."

"ಹಂಗಾದ್ರೆ ಅವತ್ತು ಒಂದೂಮುಕ್ಕಾಲು ಅಗೆದಿದ್ರೆ..." ಗೋಪಾಲಪ್ಪ ಕಾಲುವೆಯ ಬಾಯಿಯ ಕಡೆ ನೋಡಿದ. ತಿರುಗಿ, "ಮತ್ತೆ ಮದರಾಸಿನ ಸಮುದ್ರ?" ಎಂದ.

"ಮದರಾಸ್ ನಾನು ನೋಡೇ ಇಲ್ಲ ಕಣ್ಲಾ. ಅಲ್ಲಿಂದ ಆ ಎತ್ತರ ಯಾರೋ ತಂದು ದೇವನಹಳ್ಳಿ ಕಲ್ಲಿಗೆ ಹಾಕಿದ್ರು. ಅಲ್ಲಿಂದ ಇಲ್ಲಿಗೆ ಏಳು ಮೈಲಿ, ಅಷ್ಟೇ ನಾವು ತಂದಿದ್ದು." ಅವನು ಗದ್ದ ಎತ್ತಿ ಕಲ್ಲನ್ನು ತೋರಿಸಿದ. "ಇಲ್ಲಿಗೆ ತಂದು ನಾನು ಚೆಲ್ಲಿದೆ."

ಮಾರಕ್ಕ ಒದ್ದೆ ಕೈಯಲ್ಲಿ ಗೆರೆಯನ್ನು ಸವರಿದಳು. "ನನ್ನ ಮಗಳನ್ನ ಕೊಟ್ಟೋನು ಇವನೇ ಕಣಣ್ಣ. ಎತ್ತಿದ್ದು ಯಾರಾದ್ರೇನು," ಎಂದಳು. ಆದರೆ ಕುಂಕುಮದ ಬಟ್ಟಲಿಗೆ ಹೋದ ಅವಳ ಬೆರಳು ಅಲ್ಲೇ ನಿಂತಿತು.

ವರಲಕ್ಷ್ಮಮ್ಮ ಪುಸ್ತಕ ಮುಚ್ಚಿದರು. ಚಟ್ಟದ ಬಳಿ ಹೋಗಿ, ಗಂಡನ ಹಣೆಯ ಮೇಲೆ ಜಾರಿದ್ದ ಜರಿ ಪೇಟವನ್ನು ಎರಡೂ ಕೈಯಲ್ಲಿ ಹಿಡಿದು ಸರಿ ಮಾಡಿದರು. ಓರೆಯಾಗಿದೆಯೇ ಎಂದು ಒಂದು ಹೆಜ್ಜೆ ಹಿಂದೆ ಸರಿದು ನೋಡಿದರು.

"ಎತ್ರಪ್ಪ," ಎಂದರು ಪಟೇಲರು. "ಏರಿ ಮೇಲೇ ಹೋಗಾನ."

ತಮಟೆ ಶುರುವಾಯಿತು. ಈ ಸಲ ಗೋಪಾಲಪ್ಪ ಮುಂದಿನ ಕೊನೆಗೆ ಹೆಗಲು ಕೊಟ್ಟ. ಇಂಜಿನಿಯರ್ ಆದಿನಾರಾಯಣಪ್ಪನವರು ತಾವು ಕೊರೆದ ಗೆರೆಯ ಮುಂದೆ ಹಾಯ್ದು, ಪುರಿ ಎರಚಿಸಿಕೊಳ್ಳುತ್ತ, ದಿಬ್ಬದ ಕಡೆ ಹೋದರು. ಜನ ಒಬ್ಬೊಬ್ಬರಾಗಿ ಅಪ್ಪಯ್ಯಣ್ಣನನ್ನು ದಾಟಿ ಹೋದರು. ಯಾರೂ ಅವನ ಮುಖ ನೋಡಲಿಲ್ಲ, ಬಾ ಎನ್ನಲಿಲ್ಲ.

ಅವನು ಕಟ್ಟೆಯ ಬುಡದಲ್ಲಿ ಕೋಲು ಹಿಡಿದು ನಿಂತೇ ಇದ್ದ. ಕೋಲು ಒಂದು ಕೂದಲೆಳೆಯಷ್ಟೂ ವಾಲಿರಲಿಲ್ಲ. ಕಣ್ಣು ದೂರ ಹೋಗುತ್ತಿದ್ದ ಚಟ್ಟದ ಮೇಲಿತ್ತು. ಅದರ ಬದಿಯಿಂದ ಹಗ್ಗ ಸಡಿಲವಾಗಿ ಸಾಹೇಬರ ಬಲಗೈ ಹೊರಗೆ ಜೋಲುತ್ತಿತ್ತು. ನಡಿಗೆಯ ಕುಲುಕಿಗೆ ಅದು ಏಳುತ್ತಿತ್ತೇ ಇಳಿಯುತ್ತಿತ್ತೇ, ಅಷ್ಟು ದೂರದಿಂದ ಅವನಿಗೆ ಕಾಣುತ್ತಿರಲಿಲ್ಲ.